ನಲ್ಲಿಯ ಪಕ್ಕದ ಮೀನು

ಫಲಕ ನೆಡಲು ನಾಲ್ಕು ಜನ ಬಂದರು. ಲಾರಿಯಲ್ಲಿ ಸಿಮೆಂಟು ತಂದರು. ನಮ್ಮ ಕೇರಿಗೆ ಇರುವ ಒಂದೇ ನಲ್ಲಿಯ ಪಕ್ಕದಲ್ಲಿ ಎರಡು ಗುಂಡಿ ತೋಡಿ, ಕಂಬ ನಿಲ್ಲಿಸಿ, ಕಾಂಕ್ರೀಟು ಸುರಿದರು. ನಲ್ಲಿಯ ಸುತ್ತ ಮೊಣಕಾಲುದ್ದ ಕೆಸರಾಗುತ್ತದೆ, ಎರಡು ಚೀಲ ಸಿಮೆಂಟು ಹಾಕಿಸಿ ಎಂದು ನಾವು ಮೂರು ವರ್ಷದಿಂದ ಕೇಳುತ್ತಿದ್ದೆವು. ಉಳಿದ ಸಿಮೆಂಟನ್ನು ಅವರು ಲಾರಿಗೆ ಹೇರಿಕೊಂಡು ವಾಪಸು ಹೋದರು.

ಫಲಕ ನಮ್ಮ ಮನೆಯ ಬಾಗಿಲಿನ ಎರಡರಷ್ಟು ಅಗಲವಿತ್ತು. ಅದರಲ್ಲಿ ಹಳದಿ ಕೂದಲಿನ ಒಬ್ಬ ಬಸುರಿ ನಗುತ್ತಿದ್ದಳು. ಅವಳ ಮುಂದೆ ಮೇಜು. ಮೇಜಿನ ಮೇಲೆ ಕಿತ್ತಳೆ, ಅಕ್ರೋಟು, ಚೀಸು, ಹಸಿರು ಹೂವಿನಂಥ ಕೋಸು. ನಡುವೆ ಬಿಳಿ ತಟ್ಟೆಯಲ್ಲಿ ಗುಲಾಬಿ ಬಣ್ಣದ ದಪ್ಪ ಮೀನಿನ ತುಂಡು, ಅದರ ಮೇಲೆ ನಿಂಬೆಯ ಬಿಲ್ಲೆ. ಮೇಲೆ ದೊಡ್ಡ ಅಕ್ಷರದಲ್ಲಿ, ನೀನು ಈಗ ಇಬ್ಬರಿಗಾಗಿ ತಿನ್ನುತ್ತಿರುವೆ ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ದಿನಕ್ಕೆ ಎರಡೂವರೆ ಲೀಟರು ಶುದ್ಧ ನೀರು ಕುಡಿಯಬೇಕು ಎಂದಿತ್ತು. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು ಬರುತ್ತಿತ್ತು. ಅಷ್ಟರಲ್ಲಿ ನೂರಾ ಎಂಬತ್ತು ಜನ ಹಿಡಿದುಕೊಳ್ಳಬೇಕಿತ್ತು.

ಆಗ ಕೇರಿಯಲ್ಲಿ ಏಳು ಬಸುರಿಯರಿದ್ದೆವು. ನನಗೆ ಏಳು ತಿಂಗಳು ತುಂಬಿತ್ತು.

ಮಾರನೆಯ ಬೆಳಿಗ್ಗೆ ನೀರಿಗೆ ಹೋದ ನನ್ನ ಅತ್ತೆ ಆರಾಂಕಾ ಖಾಲಿ ಕ್ಯಾನು ಹಿಡಿದು ಓಡುತ್ತ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಿಗೆ ಅಡ್ಡ ನಿಂತು, ನಾನು ಹೊರಗೆ ಕಾಲಿಡಕೂಡದು ಎಂದಳು. ಹೊರಗೆ ಏನಿದೆ ಎಂದು ಕೇಳಿದೆ.

"ಮೀನಿದೆ," ಎಂದಳು.

ನಮ್ಮಲ್ಲಿ ಬಸುರಿಯ ಕಣ್ಣಿಗೆ ಬಿದ್ದ ತಿನಿಸನ್ನು, ಮೂಗಿಗೆ ಬಡಿದ ತಿನಿಸನ್ನು ಅವಳಿಗೆ ಒಂದು ತುತ್ತಾದರೂ ಕೊಡಲೇಬೇಕು. ತೋರಿಸಿ ಕೊಡದವರು ಹೊಟ್ಟೆಯೊಳಗಿನ ಕೂಸಿನ ಮೇಲೆ ಕೈ ಮಾಡಿದ ಹಾಗೆ. ಆಸೆ ತೀರದ ಬಸುರಿ ತನ್ನ ಮೈಯಲ್ಲಿ ಎಲ್ಲಿ ಮುಟ್ಟಿಕೊಂಡಳೋ ಮಗುವಿಗೆ ಅಲ್ಲಿ ಆ ತಿನಿಸಿನ ಮಚ್ಚೆ ಮೂಡುತ್ತದೆ. ಆಸೆ ಬಲವಾಗಿದ್ದರೆ ಮಗುವೇ ನಿಲ್ಲುವುದಿಲ್ಲ. ಅದಕ್ಕೇ ಕೇರಿಯಲ್ಲಿ ಯಾರಾದರೂ ಹಂದಿಯ ಕರುಳಿಗೆ ಆಲೂಗಡ್ಡೆ ತುಂಬಿ ಬೇಯಿಸಿದರೆ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ನೋಡುತ್ತಾರೆ. ಆ ದಿಕ್ಕಿನಲ್ಲಿರುವ ಬಸುರಿಯರ ಮನೆಗೆಲ್ಲ ತಟ್ಟೆ ಹೋಗುತ್ತದೆ. ಜಗಳವಾಡಿ ಮಾತು ಬಿಟ್ಟವರೂ ಕಳಿಸುತ್ತಾರೆ. ಬೈಯುತ್ತಲೇ ಕಳಿಸುತ್ತಾರೆ.

ಈಗ ಸರ್ಕಾರ ಏಳು ಬಸುರಿಯರ ಕಣ್ಣೆದುರು ಮೀನು ಇಟ್ಟು ಹೋಗಿತ್ತು. ತುತ್ತು ಕೊಡಲು ಯಾರನ್ನೂ ಬಿಟ್ಟುಹೋಗಿರಲಿಲ್ಲ.

ಎರಡೇ ದಿನದಲ್ಲಿ ಕೇರಿಯ ಮುದುಕಿಯರು ಒಂದು ಪದ್ಧತಿ ಮಾಡಿದರು. ಫಲಕದ ಮುಂದೆ ಹಾಯುವ ಬಸುರಿಯರು ಶರಣಾದ ಸಿಪಾಯಿಗಳ ಹಾಗೆ ಎರಡೂ ಕೈ ಮೇಲಕ್ಕೆತ್ತಿ ಹಾಯಬೇಕು. ಮೈಗೆ ಕೈ ತಾಗಬಾರದು. ಎರಡೂ ಕೈಯಲ್ಲಿ ಹತ್ತು ಹತ್ತು ಲೀಟರಿನ ಕ್ಯಾನು ಹಿಡಿದವರಿಗೆ ಮಾತ್ರ ಈ ನಿಯಮವಿಲ್ಲ, ಅವರ ಕೈ ಹೇಗೂ ಕಟ್ಟಿಹಾಕಿದಂತೆ. ಹೀಗೆ ನಮ್ಮ ಕೇರಿಯಲ್ಲಿ ಇಪ್ಪತ್ತು ಲೀಟರು ಹೊತ್ತು ಗುಡ್ಡ ಹತ್ತುವ ಬಸುರಿಯೇ ಎಲ್ಲರಿಗಿಂತ ಸುರಕ್ಷಿತಳಾದಳು.

ಪಕ್ಕದ ಮನೆಯ ಟೆಕ್ಲಾಗೆ ಹದಿನೇಳು ವರ್ಷ, ಐದನೇ ತಿಂಗಳು. ಅವಳು ಕ್ಯಾನು ಹಿಡಿದುಕೊಂಡು ಫಲಕದ ಮುಂದೆ ನಿಂತುಬಿಡುತ್ತಿದ್ದಳು. ಆ ಗುಲಾಬಿ ವಸ್ತು ಮೀನೋ ಮಾಂಸವೋ ಎಂದು ನನ್ನನ್ನು ಕೇಳಿದಳು. ಮೀನಾದರೆ ಬಾಲ ಎಲ್ಲಿ ಎಂದಳು. ಬಾಲವನ್ನು ಫೋಟೋ ತೆಗೆದವನು ತಿಂದಿರಬೇಕು ಎಂದೆ. ಅವಳು ನಗಲಿಲ್ಲ. ಎಂಜಲು ನುಂಗಿದಳು.

ನನಗೆ ಮಚ್ಚೆಯ ಭಯವಿರಲಿಲ್ಲ. ಮೀನಿನ ಮಚ್ಚೆ ಇರುವ ಮಗುವಾದರೂ ಮಗುವೇ. ನನ್ನ ಭಯ ಬೇರೆ ಇತ್ತು. ಹೊಟ್ಟೆಯೊಳಗಿದ್ದದ್ದು ಮೊದಲು ಬೆಳಗಿನ ಜಾವದಿಂದ ಒದೆಯುತ್ತಿತ್ತು. ಕ್ಯಾನು ಕೆಳಗಿಟ್ಟು ಉಸಿರು ಬಿಡುವಾಗ ಒದೆಯುತ್ತಿತ್ತು. ಫಲಕ ಬಂದ ವಾರದಿಂದ ಅದರ ಒದೆತ ಕಮ್ಮಿಯಾಯಿತು. ದಿನಕ್ಕೆ ಎಂಟು, ಆರು, ಐದು. ಎರಡು ವರ್ಷದ ಹಿಂದೆ ನನ್ನ ಮೊದಲ ಮಗಳೂ ಹೀಗೆಯೇ ಮೆಲ್ಲಗೆ ಸುಮ್ಮನಾಗಿದ್ದಳು. ಎಂಟನೇ ತಿಂಗಳಲ್ಲಿ ಸತ್ತೇ ಹುಟ್ಟಿದಳು. ಅವಳನ್ನು ಬಟ್ಟೆಯಲ್ಲಿ ಸುತ್ತುವಾಗ ಡಾಕ್ಟರು ನನ್ನನ್ನು ಕೇಳಿದ್ದು ಒಂದೇ ಮಾತು, ಮೊದಲೇ ಯಾಕೆ ಬರಲಿಲ್ಲ ಎಂದು.

ಈ ಸಲ ಮೊದಲೇ ಹೋದೆ.

ಕೇರಿಯಿಂದ ಕೆಳಗಿನ ಊರಿಗೆ ಎರಡು ಕಿಲೋಮೀಟರು. ಊರಿನ ಹೆಸರು ವಿಷ್ನಿ ಲಾಝಿ. ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಪ್ರತಿ ಮಂಗಳವಾರ ಪಟ್ಟಣದಿಂದ ಹೆರಿಗೆ ಡಾಕ್ಟರು ಬರುತ್ತಾರೆ. ಎಂಟರಿಂದ ಹನ್ನೊಂದೂವರೆ ತನಕ ಊರಿನ ಹೆಂಗಸರು, ಆಮೇಲೆ ಹನ್ನೆರಡರ ತನಕ ನಾವು. ಊರಿನವರು ಮುಗಿಯುವಾಗ ಹನ್ನೆರಡಾಗಿರುತ್ತದೆ.

ನರ್ಸ್ ಸ್ಲಾವೊಮೀರಾ ಕೆಟ್ಟವಳಲ್ಲ. ಊರಿನ ಹೆಂಗಸರನ್ನು ಬನ್ನಿ ಎನ್ನುತ್ತಾಳೆ, ನಮ್ಮನ್ನು ಬಾ ಎನ್ನುತ್ತಾಳೆ, ಅಷ್ಟೇ. ಮಗು ಅಲುಗುವುದು ಕಮ್ಮಿಯಾಗಿದೆ, ಡಾಕ್ಟರು ಒಮ್ಮೆ ನೋಡಬೇಕು ಎಂದೆ. ಅವಳು ಹಸಿರು ರಟ್ಟಿನ ಒಂದು ಪುಸ್ತಕ ಕೊಟ್ಟಳು. ಆರೋಗ್ಯವಂತ ತಾಯಿ ಯೋಜನೆ ಬಂದಿದೆ ಎಂದಳು. ತಿಂದದ್ದನ್ನೆಲ್ಲ ಒಂದು ವಾರ ಬರೆಯಬೇಕು. ಬರೆದದ್ದು ಸರಿಯಿದ್ದರೆ ಹಸಿರು ಮುದ್ರೆ. ಮುದ್ರೆ ಇದ್ದರೆ ಡಾಕ್ಟರು.

ಮಗು ಅಲುಗುತ್ತಿಲ್ಲ ಎಂದು ಮತ್ತೆ ಹೇಳಿದೆ.

"ಅದೇ ಹೇಳ್ತಿರೋದು ನಾನೂ," ಎಂದಳು. "ನೀನು ಸರಿಯಾಗಿ ತಿಂದ್ರೆ ಅದು ಅಲುಗುತ್ತೆ. ನಿಮ್ಮ ಕೇರಿಯೋರಿಗೆ ಮೊದ್ಲು ತಿನ್ನೋದು ಕಲಿಸ್ಬೇಕು. ಡಾಕ್ಟ್ರು ಆಮೇಲೆ."

ಊರಿನ ಹೆಂಗಸರಿಗೆ ಪುಸ್ತಕ ಇರಲಿಲ್ಲ. ಅವರಿಗೆ ತಿನ್ನಲು ಬರುತ್ತದೆ.

ಅವತ್ತೇ ಪಾಠವೂ ಇತ್ತು. ಏಳೂ ಜನರನ್ನು ಬೆಂಚಿನ ಮೇಲೆ ಕೂರಿಸಿದಳು. ಪೆಟ್ಟಿಗೆಯಿಂದ ಪ್ಲಾಸ್ಟಿಕ್ ತಿನಿಸುಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಒಬ್ಬೊಬ್ಬರೇ ಬಂದು ಒಳ್ಳೆಯ ಊಟವನ್ನು ತಟ್ಟೆಗೆ ಬಡಿಸಿಕೊಳ್ಳಬೇಕು. ನಾನು ಪ್ಲಾಸ್ಟಿಕ್ ಮೊಟ್ಟೆ ತೆಗೆದುಕೊಂಡೆ, ಪ್ಲಾಸ್ಟಿಕ್ ಹಾಲು ತೆಗೆದುಕೊಂಡೆ. ಆಲೂಗಡ್ಡೆ ಹುಡುಕಿದೆ. ಪೆಟ್ಟಿಗೆಯಲ್ಲಿ ಆಲೂಗಡ್ಡೆ ಇರಲಿಲ್ಲ. ಟೆಕ್ಲಾ ಪ್ಲಾಸ್ಟಿಕ್ ಸೇಬನ್ನು ಮೂಸಿ ನೋಡಿದಳು. ಅದಕ್ಕೆ ಅವಳಿಗೆ ಬೈಗುಳ ಬಿತ್ತು. ಹನ್ನೊಂದೂಮುಕ್ಕಾಲಿಗೆ ಸ್ಲಾವೊಮೀರಾ ತನ್ನ ಡಬ್ಬಿ ತೆರೆದು, ಕಿಟಕಿಯ ಹತ್ತಿರ ನಿಂತು, ಬೆಣ್ಣೆ ಹಚ್ಚಿದ ರೊಟ್ಟಿ ಮತ್ತು ಹ್ಯಾಮ್ ತಿಂದಳು. ಏಳು ಜನ ನೋಡುತ್ತ ಕೂತಿದ್ದೆವು. ಅವಳು ಕೊಡುತ್ತಾಳೆ ಎಂದು ಕಾಯುತ್ತಿದ್ದೆವು. ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ, ಕೊಡುವವರು ತಾವೇ ಕೊಡಬೇಕು. ಅವಳು ಡಬ್ಬಿ ಮುಚ್ಚಿ ಕೈ ಒರೆಸಿಕೊಂಡಳು. ಏಳು ಜನವೂ ಕೈ ಮೇಲೆತ್ತಿಕೊಂಡು ಆರೋಗ್ಯ ಕೇಂದ್ರದಿಂದ ಹೊರಗೆ ಬಂದೆವು. ಬಸ್ಸಿಗೆ ಕಾಯುತ್ತಿದ್ದ ಊರಿನವರು ನೋಡಿದರು.

ಪುಸ್ತಕದಲ್ಲಿ ದಿನಕ್ಕೆ ಐದು ಖಾಲಿ ಚೌಕದ ಮನೆಗಳಿದ್ದವು. ಬೆಳಿಗ್ಗೆ, ಹತ್ತು ಗಂಟೆ, ಮಧ್ಯಾಹ್ನ, ನಾಲ್ಕು ಗಂಟೆ, ಸಂಜೆ. ನಾನು ನಿಜ ಬರೆದೆ.

ಬುಧವಾರ. ಬೆಳಿಗ್ಗೆ ಚಹಾ. ಹತ್ತು ಗಂಟೆಗೆ ಇಲ್ಲ. ಮಧ್ಯಾಹ್ನ ಆಲೂಗಡ್ಡೆ. ನಾಲ್ಕು ಗಂಟೆಗೆ ಇಲ್ಲ. ಸಂಜೆ ಒಲೆಯ ತಗಡಿನ ಮೇಲೆ ಸುಟ್ಟ ರೊಟ್ಟಿ, ಹಂದಿಕೊಬ್ಬು, ಈರುಳ್ಳಿ.

ಗುರುವಾರ. ಬೆಳಿಗ್ಗೆ ಚಹಾ. ಹತ್ತು ಗಂಟೆಗೆ ಇಲ್ಲ. ಮಧ್ಯಾಹ್ನ ರೊಟ್ಟಿ. ನಾಲ್ಕು ಗಂಟೆಗೆ, ಗಾಳಿ ನಮ್ಮ ಕಡೆ ಬೀಸಿತು, ಕೆಳಮನೆಯವರು ಕರುಳಿನ ತುಂಡು ಎರಡು ಕಳಿಸಿದರು. ಸಂಜೆ ಆಲೂಗಡ್ಡೆ.

ಮುಂದಿನ ಮಂಗಳವಾರ ಸ್ಲಾವೊಮೀರಾ ಕೆಂಪು ಪೆನ್ನು ಹಿಡಿದು ಓದಿದಳು. ಇಲ್ಲ ಎಂದು ಬರೆಯುವಂತಿಲ್ಲವಂತೆ. ಮನೆ ಇರುವುದೇ ತುಂಬಲಿಕ್ಕಂತೆ. ಆಲೂಗಡ್ಡೆ ಹದಿಮೂರು ಸಲ ಬಂದಿದೆ, ವೈವಿಧ್ಯ ಎಂಬುದಿಲ್ಲವಂತೆ. ಗುರುವಾರದ ಕರುಳನ್ನು ಪೂರ್ತಿ ಹೊಡೆದುಹಾಕಿ ಪಕ್ಕದಲ್ಲಿ ಭಿಕ್ಷೆ ಎಂದು ಬರೆದಳು. ಮುದ್ರೆ ಕೊಡಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಡಾಕ್ಟರು ಯಾರಿಗೋ ತಮಾಷೆ ಹೇಳಿ ನಗುವುದು ಕೇಳಿಸುತ್ತಿತ್ತು. ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆ, ಒಂದು ಹಲಗೆ.

ಒದೆತ ಆಗ ದಿನಕ್ಕೆ ಮೂರು.

ಮಾರನೇ ದಿನ ಬಸ್ಸು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದೆ. ಕಿಟಕಿಯವಳು ನಿಮ್ಮ ಕೇಂದ್ರದ ಡಾಕ್ಟರ ಚೀಟಿ ಎಲ್ಲಿ ಎಂದಳು. ನಮ್ಮ ಕೇಂದ್ರದ ಡಾಕ್ಟರು ನನ್ನನ್ನು ನೋಡಿಲ್ಲ ಎಂದೆ. ನೋಡದೆ ಇದ್ದರೆ ಚೀಟಿ ಹೇಗೆ ಕೊಡುತ್ತಾರೆ ಎಂದಳು. ಹೌದಲ್ಲ ಎಂದೆ. ಹಿಂದಿದ್ದವರು ನೂಕಿದರು. ವಾಪಸು ಬಂದು ಸಂಜೆಯ ನೀರು ಹೊತ್ತೆ.

ಇಷ್ಟರಲ್ಲಿ ಅತ್ತೆ ಯುದ್ಧ ಹೂಡಿದ್ದಳು. ಟೆಕ್ಲಾ ನಿದ್ದೆಯಲ್ಲೂ ಮೀನು ಎನ್ನುತ್ತಾಳೆಂದು ಅವಳ ತಾಯಿ ಬಂದು ಅತ್ತಿದ್ದಳು. ಅತ್ತೆ ತನ್ನ ಮದುವೆಯ ಕಾಲದ ಹಾಸಿಗೆಯ ಹೊದಿಕೆಯನ್ನು, ದಪ್ಪ ಕೆಂಪು ಹೂಗಳಿದ್ದದ್ದನ್ನು, ಏಣಿ ಹತ್ತಿ ಫಲಕಕ್ಕೆ ಹೊದಿಸಿಬಿಟ್ಟಳು. ಹಳದಿ ಕೂದಲಿನವಳ ಹಣೆ ಮಾತ್ರ ಕಾಣುತ್ತಿತ್ತು. ಜ್ವರ ಬಂದು ಮಲಗಿದವಳ ಹಾಗಿದ್ದಳು.

ಯಾರೋ ದೂರು ಕೊಟ್ಟರು. ಕೇರಿಯಲ್ಲಿ ಯಾರಿಗಾದರೂ ಎದೆನೋವು ಬಂದು ಫೋನು ಮಾಡಿದರೆ ಆಂಬುಲೆನ್ಸು ಬರಲು ಮೂರು ಗಂಟೆ ಬೇಕು. ಹೊದಿಕೆಗೆ ಇಪ್ಪತ್ತು ನಿಮಿಷದಲ್ಲಿ ಪೊಲೀಸು ಬಂತು. ಒಬ್ಬನೇ ಬಂದಿದ್ದ, ದಪ್ಪ ಮೀಸೆಯವನು. ಸಾರ್ವಜನಿಕ ಪ್ರಚಾರ ಸಾಮಗ್ರಿಯನ್ನು ಮರೆಮಾಚುವುದು ಅಪರಾಧ ಎಂದು ಓದಿ ಹೇಳಿದ. ಅತ್ತೆ ಅವನಿಗೆ ಮೊದಲಿನಿಂದ ವಿವರಿಸಿದಳು. ತೋರಿಸಿದವರು ಕೊಡಬೇಕು, ಕೊಡದಿದ್ದರೆ ಮುಚ್ಚಬೇಕು, ಇದರಲ್ಲಿ ಅಪರಾಧ ಯಾರದು ಎಂದು ಕೇಳಿದಳು. ಅವನು ಬರೆದುಕೊಂಡ. ಮೇಲಿನವರಿಗೆ ಫೋನು ಮಾಡಿದ. ಮೇಲಿನವರು ಹೊದಿಕೆ ತೆಗೆಸಿ ಮಧ್ಯಾಹ್ನದ ತನಕ ಕಾವಲಿರು ಎಂದರು. ಅವನು ಹೊದಿಕೆ ತೆಗೆಸಿದ. ಕಾವಲು ಕೂತ. ಹನ್ನೆರಡಕ್ಕೆ ಕಾರಿನ ಬಾನೆಟ್ಟಿನ ಮೇಲೆ ಕಾಗದ ಬಿಚ್ಚಿದ. ಬ್ರೆಡ್ಡು, ಸಾಸೇಜು, ಒಂದು ದೊಡ್ಡ ಉಪ್ಪಿನಕಾಯಿ ಸೌತೆ. ನಾವು ಏಳು ಜನ ನೀರಿನ ಸಾಲಿನಲ್ಲಿದ್ದೆವು. ವಾಸನೆ ಬಂತು. ಅತ್ತೆ ಅವನ ಪಕ್ಕ ಹೋಗಿ ಮೆಲ್ಲಗೆ, ನಿನ್ನ ಹೆಂಡತಿಗೆ ಎಷ್ಟು ತಿಂಗಳು ಮಗಾ ಎಂದು ಕೇಳಿದಳು. ಅವನ ಹೆಂಡತಿ ಬಸುರಿ ಎಂದು ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಎಸೆದ ಕಲ್ಲು. ಅವನ ಕೈ ಅಲ್ಲೇ ನಿಂತಿತು. ನಾಲ್ಕು ಎಂದ. ಆಮೇಲೆ ಜೇಬಿನಿಂದ ಚಾಕು ತೆಗೆದು ಸಾಸೇಜನ್ನು ಏಳು ತುಂಡು ಮಾಡಿದ. ಕೊನೇ ತುಂಡು ಕೊಡುವಾಗ, ಇದನ್ನು ಎಲ್ಲೂ ಹೇಳಬೇಡಿ ಎಂದ.

ಅದನ್ನೂ ನಾನು ಪುಸ್ತಕದಲ್ಲಿ ಬರೆದೆ. ಮಧ್ಯಾಹ್ನ, ಪೊಲೀಸರ ಸಾಸೇಜು, ಒಂದು ತುಂಡು. ಬರೆದು ಓದಿಕೊಂಡೆ. ಇದಕ್ಕೆ ಖಂಡಿತ ಮುದ್ರೆ ಸಿಗುವುದಿಲ್ಲ ಎನಿಸಿತು. ಹಾಳೆ ಹರಿದೆ.

ಸುಳ್ಳಿನ ಉಪಾಯ ಟೆಕ್ಲಾಳದು. ಅವಳು ಎಂಟನೇ ತರಗತಿ ಓದಿದವಳು, ಅಕ್ಷರ ದುಂಡಗಿದೆ. ಇಬ್ಬರೂ ಕ್ಯಾನು ಕೆಳಗಿಟ್ಟು ಫಲಕದ ಮುಂದೆ ನಿಂತೆವು. ಅವಳು ಎಡದಿಂದ ಬಲಕ್ಕೆ ನೋಡುತ್ತ ಬರೆದಳು. ಬೆಳಿಗ್ಗೆ ಕಿತ್ತಳೆ. ಹತ್ತಕ್ಕೆ ಅಕ್ರೋಟು. ಮಧ್ಯಾಹ್ನ ಗುಲಾಬಿ ಮೀನು, ಹಸಿರು ಕೋಸು. ನಾಲ್ಕಕ್ಕೆ ಚೀಸು. ಸಂಜೆ ಮತ್ತೆ ಮೀನು. ಮಾರನೇ ದಿನಕ್ಕೆ ಬಲದಿಂದ ಎಡಕ್ಕೆ ಬರೆದಳು. ಶನಿವಾರದ್ದು ಬರೆಯುವಾಗ ಅವಳಿಗೆ ಹುರುಪು ಬಂದು, ನಿಂಬೆಯನ್ನು ಬೇರೆಯಾಗಿ ಒಂದು ಹೊತ್ತಿಗೆ ಹಾಕಿದಳು. ನಿನ್ನ ಮನೆಯಲ್ಲಿ ಎಷ್ಟು ಚೆನ್ನಾಗಿ ತಿಂತೀರಕ್ಕ ಎಂದಳು.

ಮೂರನೇ ಮಂಗಳವಾರ ಸ್ಲಾವೊಮೀರಾ ಪುಸ್ತಕ ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅವಳ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು. ಇಷ್ಟು ದಿನದಲ್ಲಿ ಕಲಿತವಳು ನೀನೊಬ್ಬಳು ಎಂದಳು. ಮುದ್ರೆ ಒತ್ತಿದಳು, ಹಸಿರು, ದುಂಡಗಿನದು. ನಾನು ಎದ್ದು ಡಾಕ್ಟರ ಬಾಗಿಲ ಕಡೆ ನಡೆದೆ.

ಎಲ್ಲಿಗೆ ಎಂದಳು.

ಮುದ್ರೆ ಸಿಕ್ಕಿತಲ್ಲ ಎಂದೆ.

ಆಗ ಅವಳು ಇನ್ನೊಂದು ಕಾಗದ ತೆಗೆದು ತಾಳ್ಮೆಯಿಂದ ವಿವರಿಸಿದಳು. ಮುದ್ರೆ ಎರಡು ತರಹ. ಸಾಧಾರಣ ಮುದ್ರೆಗೆ ಡಾಕ್ಟರು. ನನ್ನದು ಮಾದರಿ ತಾಯಿಯ ಮುದ್ರೆ. ಇಷ್ಟು ಚೆನ್ನಾಗಿ ತಿನ್ನುವವಳಿಗೆ ಅಪಾಯವಿಲ್ಲ. ಅಪಾಯವಿಲ್ಲದವರನ್ನು ಒಂಬತ್ತನೇ ತಿಂಗಳಲ್ಲಿ ಒಂದು ಸಲ ನೋಡಿದರೆ ಸಾಕು.

"ಮಗು ಅಲುಗ್ತಿಲ್ಲ ಸಿಸ್ಟರ್," ಎಂದೆ.

"ಹೊಟ್ಟೆ ತುಂಬಿದೆ, ಮಲಗಿದೆ," ಎಂದಳು.

ಮುಂದಿನ ಮಂಗಳವಾರ ಹತ್ತು ಗಂಟೆಗೆ ಬಾ, ತಲೆ ಬಾಚಿಕೊಂಡು ಬಾ, ನಿನಗೆ ಬಹುಮಾನ ಇದೆ ಎಂದೂ ಹೇಳಿದಳು. ರಾಜಧಾನಿಯಿಂದ ಯೋಜನೆಯವರು ಬರುತ್ತಾರಂತೆ, ಹಣ್ಣಿನ ಬುಟ್ಟಿ ಕೊಡುತ್ತಾರಂತೆ, ಫೋಟೋ ತೆಗೆಯುತ್ತಾರಂತೆ.

ಆ ವಾರ ಒದೆತ ದಿನಕ್ಕೆ ಎರಡಾಯಿತು. ಆಮೇಲೆ ಒಂದು. ನನ್ನ ಗಂಡ ಕೊಲೊಮನ್ ಗಡಿಯಾಚೆ ಕಟ್ಟಡದ ಕೆಲಸದಲ್ಲಿದ್ದ. ಅವನಿಗೆ ಫೋನು ಮಾಡಿ ಬಹುಮಾನ ಬಂದಿದೆ ಎಂದು ಮಾತ್ರ ಹೇಳಿದೆ. ಸೋಮವಾರ ಮಧ್ಯಾಹ್ನ ಕ್ಯಾನು ಎತ್ತುವಾಗ ಪಕ್ಕೆಯಲ್ಲಿ ಒಂದು ಸಲ ಏನೋ ಜಾರಿದ ಹಾಗಾಯಿತು. ಅದಾದ ಮೇಲೆ ಏನೂ ಇಲ್ಲ.

ಮಂಗಳವಾರ ಏಳೂ ಜನ ಹೋದೆವು. ಅತ್ತೆ ಎಲ್ಲರ ಕೈಗೂ ಒಂದೊಂದು ತಟ್ಟೆ ಕೊಟ್ಟಿದ್ದಳು. ಬುಟ್ಟಿ ತೋರಿಸುತ್ತಾರೆ ಎಂದರೆ ಏಳು ಪಾಲು ಆಗಲೇಬೇಕು, ಈ ಸಲ ಬಿಡುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ತಟ್ಟೆ ಹಿಡಿದ ಏಳು ಬಸುರಿಯರು, ಮುಂದೆ ಒಬ್ಬಳು ಮುದುಕಿ. ಊರಿನ ನಾಯಿಗಳು ಬೊಗಳಲೂ ಮರೆತವು.

ಬುಟ್ಟಿ ದೊಡ್ಡದಿತ್ತು. ಹೊಳೆಯುವ ಪಾರದರ್ಶಕ ಕಾಗದ ಸುತ್ತಿತ್ತು, ಮೇಲೆ ಹಸಿರು ರಿಬ್ಬನ್ನು. ಕ್ಯಾಮೆರಾದವನು ಎಳೆಯ ಹುಡುಗ, ಒಳ್ಳೆಯ ಶೂ ಹಾಕಿದ್ದ. ಕಾಗದ ಬಿಚ್ಚಬೇಡಿ ಎಂದ. ಫೋಟೋ ಆದ ಮೇಲೆ ಬುಟ್ಟಿಯನ್ನು ಕಾರಿನಲ್ಲಿ ಇಡಬೇಕು, ಮಧ್ಯಾಹ್ನ ಇನ್ನೆರಡು ಊರುಗಳಲ್ಲಿ ಇದನ್ನೇ ಕೊಡಬೇಕಿದೆ ಎಂದ. ಅತ್ತೆ ಅವನ ಶೂಗಳನ್ನೂ ಮುಖವನ್ನೂ ನೋಡಿದಳು. ಬುಟ್ಟಿಗೂ ಬಾಗಿಲಿಗೂ ನಡುವೆ ಹೋಗಿ ನಿಂತಳು.

ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಎಡಗೈಯಲ್ಲಿ ಬುಟ್ಟಿ. ಬಲಗೈ ಹೊಟ್ಟೆಯ ಮೇಲೆ ಇಡು, ನಗು ಎಂದ ಕ್ಯಾಮೆರಾದವನು. ತಿನಿಸಿನ ಮುಂದೆ ಬಸುರಿ ಹೊಟ್ಟೆ ಮುಟ್ಟಿಕೊಳ್ಳುವುದೇ? ಟೆಕ್ಲಾ ಮುಖ ಮುಚ್ಚಿಕೊಂಡಳು. ನಾನು ಕೈ ಇಟ್ಟೆ. ಗಟ್ಟಿಯಾಗಿ ಒತ್ತಿದೆ. ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ. ಒಳಗಿನಿಂದ ಯಾರೂ ತಿರುಗಿ ಒತ್ತಲಿಲ್ಲ.

ನಗು ಎಂದ ಮತ್ತೆ.

"ನಗಲ್ಲ," ಎಂದೆ.

ಸ್ಲಾವೊಮೀರಾ ನನ್ನ ಹೆಸರು ಕರೆದಳು. ಹೆದ್ವಿಗಾ, ಎರಡು ನಿಮಿಷದ ಕೆಲಸ ಎಂದಳು. ಬುಟ್ಟಿಯನ್ನು ನೆಲದ ಮೇಲಿಟ್ಟೆ. ಅಷ್ಟರಲ್ಲಿ ಡಾಕ್ಟರ ಬಾಗಿಲು ತೆರೆಯಿತು. ಊರಿನ ಒಬ್ಬ ಹೆಂಗಸು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದಳು. ಬಾಗಿಲು ಮುಚ್ಚುವ ಮೊದಲು ನಾನು ಒಳಗೆ ಹೋದೆ. ಪರೀಕ್ಷೆಯ ಮಂಚ ಹತ್ತಿದೆ. ಮಲಗಿದೆ. ಸ್ವೆಟರನ್ನು ಎದೆಯ ತನಕ ಎಳೆದುಕೊಂಡೆ.

ಡಾಕ್ಟರ ಹೆಸರು ಮಿಹಾಲಿಕ್. ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು. ಸ್ಲಾವೊಮೀರಾ ಹಿಂದೆಯೇ ಬಂದು, ಇದು ಊರಿನವರ ಹೊತ್ತು, ಇವಳಿಗೆ ಪರೀಕ್ಷೆ ಇಲ್ಲ, ಇವಳು ಮಾದರಿ ಎಂದಳು. ಪುಸ್ತಕವನ್ನು ಅವರ ಕೈಗೆ ಕೊಟ್ಟಳು. ಅವರು ಕೈ ಒರೆಸಿಕೊಳ್ಳುತ್ತ ಓದಿದರು.

"ದಿನಕ್ಕೆರಡು ಸಲ ಸಾಲ್ಮನ್," ಎಂದರು. "ನಮ್ಮನೇಲಿ ಕ್ರಿಸ್ಮಸ್ಸಿಗೊಂದ್ಸಲ."

"ಸುಳ್ಳು ಅದು," ಎಂದೆ. "ನಿಮ್ಮ ಫಲಕ ನೋಡ್ಕೊಂಡು ಬರೆದಿದ್ದು."

ಸ್ಲಾವೊಮೀರಾಳ ಮುಖ ಕೆಂಪಾಯಿತು. ಹಾಗಾದರೆ ಮುದ್ರೆ ರದ್ದು ಎಂದಳು. ಮುದ್ರೆ ರದ್ದಾದರೆ ಡಾಕ್ಟರನ್ನು ನೋಡುವಂತಿಲ್ಲ ಎಂದಳು. ಮುದ್ರೆ ಇದ್ದರೆ ನೋಡಬೇಕಾಗಿಲ್ಲ, ಇಲ್ಲದಿದ್ದರೆ ನೋಡುವಂತಿಲ್ಲ ಎಂದು ಡಾಕ್ಟರು ತಮ್ಮಷ್ಟಕ್ಕೆ ಲೆಕ್ಕ ಹಾಕುವವರ ಹಾಗೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇಳಿ, ಹನ್ನೊಂದೂವರೆಗೆ ನೋಡೋಣ ಎಂದರು.

ಸ್ಲಾವೊಮೀರಾ ನನ್ನ ತೋಳು ಹಿಡಿದು ಎಳೆದಳು. ನಾನು ಮಂಚದ ಎರಡೂ ಕಡೆಯ ಕಬ್ಬಿಣ ಹಿಡಿದುಕೊಂಡೆ. ಅವಳು ಬೆರಳು ಬಿಡಿಸಲು ನೋಡಿದಳು. ದಿನಕ್ಕೆ ಮೂರು ಸಲ ಕ್ಯಾನು ಹಿಡಿದು ಗುಡ್ಡ ಹತ್ತಿದ ಬೆರಳು. ಒಂದನ್ನೂ ಬಿಡಿಸಲಾಗಲಿಲ್ಲ.

"ಎರಡು ವರ್ಷದ ಹಿಂದೆ ನನ್ನ ಮಗಳು ಸತ್ತು ಹುಟ್ಟಿದ್ಲು," ಎಂದೆ. "ಮೊದ್ಲೇ ಯಾಕೆ ಬರ್ಲಿಲ್ಲ ಅಂತ ನೀವೇ ಕೇಳಿದ್ರಿ ಡಾಕ್ಟ್ರೇ. ಈಗ ಮೊದ್ಲೇ ಬಂದಿದೀನಿ. ಮೂರು ವಾರದಿಂದ ಮೊದ್ಲೇ ಬರ್ತಾನೇ ಇದೀನಿ. ನಿನ್ನೆ ಮಧ್ಯಾಹ್ನದಿಂದ ಇದು ಅಲುಗಿಲ್ಲ. ಪೊಲೀಸ್ನೋರ್ನ ಕರೀರಿ, ಮಂಚದ ಸಮೇತ ಎತ್ಕೊಂಡು ಹೋಗ್ಲಿ. ನಾನು ಇಳಿಯಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಸ್ಲಾವೊಮೀರಾಗೆ ಕೈ ಬಿಡಲು ಹೇಳಿದರು. ಹೊಟ್ಟೆಯ ಮೇಲೆ ತಣ್ಣಗಿನದೇನೋ ಸುರಿದು ಯಂತ್ರದ ತುದಿ ಇಟ್ಟರು. ಗರಗರ ಸದ್ದು. ಜಾಗ ಬದಲಿಸಿದರು. ಗರಗರ. ಇನ್ನಷ್ಟು ಕೆಳಗೆ ಒತ್ತಿದರು. ನಾನು ಮೇಲಿನ ಟ್ಯೂಬ್‌ಲೈಟಿನೊಳಗೆ ಸತ್ತು ಬಿದ್ದಿದ್ದ ನೊಣಗಳನ್ನು ಎಣಿಸುತ್ತಿದ್ದೆ. ಹನ್ನೊಂದಿದ್ದವು. ಹನ್ನೊಂದನೆಯದಕ್ಕೆ ಬಂದಾಗ ಸದ್ದು ಸಿಕ್ಕಿತು. ಮೆಲ್ಲಗೆ, ಕುಂಟುತ್ತ, ನಡುನಡುವೆ ನಿಂತು ನಿಂತು.

ಡಾಕ್ಟರು ಗಡಿಯಾರ ನೋಡಿ ಎಣಿಸಿದರು. ನನ್ನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಿರಬೇಕಾದ ಕಡೆ ಕಾಗದದ ಹಾಗೆ ಬಿಳುಪಿತ್ತಂತೆ.

"ಎಷ್ಟು ದಿನದಿಂದ ಹೀಗಿದೆ ನಿಮ್ಗೆ?" ಎಂದರು. ನಿಮ್ಗೆ ಎಂದರು.

ತಾವೇ ಫೋನು ಮಾಡಿದರು. ಮೈಯಲ್ಲಿ ರಕ್ತವೇ ಇಲ್ಲ, ಮಗು ಸೋಲುತ್ತಿದೆ, ಈಗಲೇ ಪಟ್ಟಣಕ್ಕೆ ಒಯ್ಯಬೇಕು ಎಂದರು. ಆಂಬುಲೆನ್ಸು ಬರಲು ನಲವತ್ತು ನಿಮಿಷ. ಹೊಟ್ಟೆಯಲ್ಲಿದ್ದ ಈ ಮಗಳು ಬದುಕಿದಳು. ಅದಾಗಿ ಹನ್ನೆರಡು ದಿನಕ್ಕೆ ಹೊಟ್ಟೆ ಕೊಯ್ದು ತೆಗೆದರು, ಒಂದೂಮುಕ್ಕಾಲು ಕಿಲೋ ಇದ್ದಳು. ಆದರೆ ಆ ಮಂಗಳವಾರ ನನಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನಲವತ್ತು ನಿಮಿಷ ಇದೆ ಎಂಬುದಷ್ಟೇ. ಹೊರಗೆ ಆರು ಜನ ಇದ್ದಾರೆ ಎಂಬುದು.

ಆ ಗೋಡೆ ಪಕ್ಕದ ಬೆಂಚಿನ ಮೇಲೂ ನಾನು ಮಲಗಬಲ್ಲೆ, ಟೆಕ್ಲಾಳನ್ನು ಒಳಗೆ ಕರೆಯಿರಿ ಎಂದೆ. ಅವರಿಗೆ ಮುದ್ರೆ ಇಲ್ಲ ಎಂದಳು ಸ್ಲಾವೊಮೀರಾ. ನಾನು ಕಬ್ಬಿಣವನ್ನು ಮತ್ತೆ ಹಿಡಿದುಕೊಂಡೆ. ಡಾಕ್ಟರು ಗಡಿಯಾರ ನೋಡಿದರು. ಕಿಟಕಿಯಾಚೆ ನೋಡಿದರು. ಕರೀರಿ ಎಂದರು.

ಟೆಕ್ಲಾ ತಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. ಅವಳ ರಕ್ತದೊತ್ತಡ ನೋಡಿದ ಡಾಕ್ಟರು ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದು ತರಿಸಿದರು. ಇನ್ನೊಂದೂ ಅಷ್ಟೇ ಹೆಚ್ಚು ತೋರಿಸಿತು. ಅವಳ ಹಿಂದೆ ಕೆಳಮನೆಯ ಬೋಝೆನಾ ಬಂದಳು, ಅವಳಿಗೆ ಆರು ತಿಂಗಳು, ಎರಡು ವಾರದಿಂದ ರಕ್ತ ಹೋಗುತ್ತಿತ್ತು, ಪುಸ್ತಕದಲ್ಲಿ ಅದನ್ನು ಬರೆಯುವ ಮನೆ ಇರಲಿಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯವಳು ಚೆನ್ನಾಗಿದ್ದಳು. ಐದನೆಯವಳ ಹೊಟ್ಟೆಯಲ್ಲಿ ಅವಳಿಗಳಿದ್ದವು. ಅವಳು ಮಂಚದ ಮೇಲೆ ಎದ್ದು ಕೂತು, ಇನ್ನೊಂದು ಯಾರದು ಎಂದು ಕೇಳಿದಳು. ಡಾಕ್ಟರು ನಮ್ಮೆದುರು ಮೊದಲ ಸಲ ನಕ್ಕರು.

ಉಳಿದಿಬ್ಬರು ಬಾಗಿಲಲ್ಲಿ ನಿಂತಿದ್ದಾಗ ಆಂಬುಲೆನ್ಸಿನವನು ಸ್ಟ್ರೆಚರು ತಳ್ಳಿಕೊಂಡು ಬಂದ. ರೋಗಿ ಯಾರು ಎಂದ. ಮೂರು ಜನ ಎಂದರು ಡಾಕ್ಟರು. ನನ್ನ ಕಾಗದದಲ್ಲಿ ಒಬ್ಬರೇ ಎಂದ ಅವನು. ಅತ್ತೆ ಅವನಿಗೆ ದಾರಿ ಬಿಡಲಿಲ್ಲ.

"ಕಾಗದಾನ ಇಲ್ಲೇ ಬಿಟ್ಟೋಗು ಮಗಾ," ಎಂದಳು. "ಅದಕ್ಕೆ ಜಾಗ ಸಾಲಲ್ಲ."

ನನ್ನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ಹೊಟ್ಟೆಗೆ ಪಟ್ಟಿ ಕಟ್ಟಿದರು. ಪಟ್ಟಿಯಿಂದ ಒಂದು ತಂತಿ ಸಣ್ಣ ಪೆಟ್ಟಿಗೆಗೆ ಹೋಗಿತ್ತು, ಪೆಟ್ಟಿಗೆಯಿಂದ ಅದೇ ಕುಂಟು ಸದ್ದು ಬರುತ್ತಿತ್ತು. ನನ್ನ ಕಾಲ ಕಡೆಯ ಸೀಟಿನಲ್ಲಿ ಟೆಕ್ಲಾ ಮತ್ತು ಬೋಝೆನಾ ಒತ್ತಿಕೊಂಡು ಕೂತರು. ಮೊಣಕಾಲು ಮಡಿಸಿದರು, ತೋಳು ಮಡಿಸಿದರು. ಆಂಬುಲೆನ್ಸಿನವನು ಬಾಗಿಲು ತಳ್ಳಿದ. ಮುಚ್ಚಲಿಲ್ಲ. ಮತ್ತೆ ತಳ್ಳಿದ. ಸ್ವಲ್ಪ ಹೊಟ್ಟೆ ಒಳಗೆಳ್ಕೊಳ್ಳಿ ಎಂದ.

ನಾವು ಮೂವರೂ ಎಳೆದುಕೊಳ್ಳಲಿಲ್ಲ.